ಅಂಗಳದ ಮೋರ್‌ಪಂಖಿ ಗಿಡ



ಭತ್ತ, ಹತ್ತಿ, ಮೆಣಸಿನಕಾಯಿ ಬಿಟ್ಟು ಇವತ್ತು ಅಂದದ ಗಿಡದ ಮಾತು ತೆಗೆದರಲ್ಲ ಎಂದು ನಗಬೇಡಿರಿ. ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟಿಸಿದವರು, ಬಳ್ಳಾರಿ ಪಟ್ಟಣದಲ್ಲಿ ಸೈಟು ಕೊಂಡು ಮನೆ ಮಾಡಿದ ನಿಮ್ಮ ಮಕ್ಕಳು, ಬಾಗಿಲ ಮುಂದೆ ಒಂದು ಪೈನ್ ಗಿಡ ಬೇಕು, ಕ್ರಿಸ್‌ಮಸ್ ಮರ ಬೇಕು ಎಂದು ಹುಡುಕುವುದು ಈಗ ಹೊಸ ಮಾತಲ್ಲ. ಪಟದಲ್ಲಿ ನೋಡಿದ್ದಾರೆ, ಮೊಬೈಲಿನಲ್ಲಿ ನೋಡಿದ್ದಾರೆ. ಗುಂಡಗೆ, ಒತ್ತಾಗಿ, ವರ್ಷವಿಡೀ ಹಸಿರಾಗಿ ನಿಂತ ಗಿಡ. ದುಡ್ಡು ಕೊಟ್ಟು ತರುತ್ತಾರೆ, ಅಕ್ಕರೆಯಿಂದ ನೆಡುತ್ತಾರೆ, ಬೇಸಿಗೆಯಲ್ಲಿ ಮನೆಯ ನೀರಿನಲ್ಲಿ ಅದಕ್ಕೂ ಒಂದು ಪಾಲು ಕೊಡುತ್ತಾರೆ. ಎರಡನೆಯ ಬೇಸಿಗೆ ಕಳೆಯುವುದರೊಳಗೆ ಗಿಡ ಒಣಗಿದ ಪೊರಕೆಯಂತೆ ಆಗಿರುತ್ತದೆ. ಹೋದದ್ದು ಗಿಡದ ಬೆಲೆ ಒಂದೇ ಅಲ್ಲ. ಎರಡು ವರ್ಷ ಹೊತ್ತು ಹಾಕಿದ ನೀರೂ ಹೋಯಿತು. ಎರೆ ನೆಲದ ಊರಾದರೆ ಮನೆಯ ಗೋಡೆಗೂ ಒಂದು ಬಿರುಕು ಬಿದ್ದಿರಬಹುದು. ಆ ಸಂಗತಿ ಮುಂದೆ ಹೇಳುತ್ತೇನೆ.

ಮೊದಲು ಈ ಪೈನ್ ಅಂದರೆ ಯಾವುದು, ನೋಡೋಣ. ನಮ್ಮ ದೇಶದ ಪೈನ್ ಮರಗಳು ಹಿಮಾಲಯದವು, ಈಶಾನ್ಯದ ಖಾಸಿ ಗುಡ್ಡಗಳವು. ಹಿಮಾಲಯದ ಕೆಳಗಿನ ಇಳಿಜಾರಿನಲ್ಲಿ ಬೆಳೆಯುವ ಚೀಡ್ ಮರದ ಅಂಟಿನಿಂದಲೇ ಬಣ್ಣದ ಕೆಲಸದವರ ಟರ್ಪೆಂಟೈನ್ ಎಣ್ಣೆ ಇಳಿಸುತ್ತಾರೆ. ಅದು 30 ಮೀಟರಿಗೂ ಮಿಕ್ಕಿ ಏಳುವ ಮರ, ಸಣ್ಣ ಅಂಗಳದ್ದಲ್ಲ. ಪಟಗಳಲ್ಲಿ ಕಾಣುವ ಗಿಡ್ಡನೆಯ, ದುಂಡನೆಯ ಪೈನ್ ಯುರೋಪಿನ ಆಲ್ಪ್ಸ್ ಪರ್ವತದ ಕಡೆಯದು. ಅದಕ್ಕೆ ಮೂಗೋ ಪೈನ್ ಅನ್ನುತ್ತಾರೆ. ನಮ್ಮ ಮೂಗಿಗೂ ಅದಕ್ಕೂ ಸಂಬಂಧವಿಲ್ಲ. ಚಳಿಗಾಲದಲ್ಲಿ ಹಿಮದ ಅಡಿಯಲ್ಲಿ ನಿದ್ದೆ ಮಾಡಿ, ಬೇಸಿಗೆಯ ತಂಪು ಬಿಸಿಲಿನಲ್ಲಿ ಚಿಗುರುವ ಗಿಡ ಅದು. ಇನ್ನೊಂದು ಗುಟ್ಟೆಂದರೆ, ಪೈನ್ ಜಾತಿಯ ಬೇರಿಗೆ ಒಂದು ತರದ ಅಣಬೆಯ ಜೊತೆ ಬೇಕು. ಆ ಅಣಬೆಯ ಎಳೆ ಬೇರಿಗೆ ಸುತ್ತಿಕೊಂಡು ಮಣ್ಣಿನ ಸತ್ವವನ್ನು ಎಳೆದುಕೊಡುತ್ತದೆ. ಪೈನ್ ಇಲ್ಲದ ನಾಡುಗಳಲ್ಲಿ ಮೊದಮೊದಲು ಈ ಮರ ಬೆಳೆಸಹೋದವರಿಗೆ, ಪೈನ್ ಕಾಡಿನ ಮಣ್ಣನ್ನೂ ತಂದು ಸೇರಿಸುವ ತನಕ ಸಸಿಗಳು ಏಳಲೇ ಇಲ್ಲ. ದಕ್ಷಿಣ ಭಾರತದಲ್ಲಂತೂ ತಾನಾಗಿ ಬೆಳೆದ ಪೈನ್ ಒಂದೂ ಇಲ್ಲ. ಪೈನಿನ ದೂರದ ನಂಟ ಒಂದೇ ಒಂದು ಮರ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಉಂಟು, ಅದಕ್ಕೂ ಸೂಜಿ ಎಲೆಯಿಲ್ಲ.

ಈಗ ನಮ್ಮ ಬಳ್ಳಾರಿಯನ್ನು ನೋಡಿರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಕೋಟೆ ಗುಡ್ಡದ ಬಂಡೆ ರಾತ್ರಿಯೂ ಬಿಸಿ ಉಸಿರು ಬಿಡುತ್ತದೆ. ಇಂಥಲ್ಲಿ ಹಿಮದ ಗಿಡ ತಂದು, ಬಾಳು ಅಂದರೆ ಬಾಳೀತೇ? ತರಲೇಬೇಡಿರಿ.

ಕ್ರಿಸ್‌ಮಸ್ ಮರ ಎಂದು ಕುಂಡದಲ್ಲಿ ಮಾರುವ ಅರೊಕೇರಿಯಾ ಗಿಡವೂ ನಿಜವಾದ ಪೈನ್ ಅಲ್ಲ. ಅದು ಪೆಸಿಫಿಕ್ ಸಾಗರದ ದ್ವೀಪಗಳ ಕಡೆಯದು. ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಅದರ ದೊಡ್ಡ ಮರಗಳನ್ನು ಕತ್ತೆತ್ತಿ ನೋಡಿರಬೇಕು. ಅಂಗೈ ಅಗಲದ ಜಾಗದಲ್ಲಿ ಅದನ್ನು ನೆಟ್ಟರೆ, ಬದುಕಿದರೆ ವಿದ್ಯುತ್ ತಂತಿ ಮುಟ್ಟುತ್ತದೆ, ಬದುಕದಿದ್ದರೆ ಮೊದಲ ಬೇಸಿಗೆಗೇ ತುದಿ ಸುಡುತ್ತದೆ. ಪಡಸಾಲೆಯ ನೆರಳಲ್ಲಿ ಕುಂಡದಲ್ಲಿ ಇಡುತ್ತೇವೆ ಅನ್ನುವವರು ಇಟ್ಟುಕೊಳ್ಳಲಿ. ಇನ್ನು ಸರ್ವೆ ನಿಮಗೆ ಗೊತ್ತೇ ಇದೆ. ಅದರಲ್ಲಿ ಸೂಜಿಯಂತೆ ಕಾಣುವುದು ಎಲೆಯೇ ಅಲ್ಲ, ಸಣ್ಣ ಸಣ್ಣ ಹಸಿರು ಕಡ್ಡಿ. ಹೊಲದ ಬದುವಿಗೆ, ಗಾಳಿ ತಡೆಗೆ, ಕಂಬಕ್ಕೆ ಒಳ್ಳೆಯದು. ಮನೆ ಬಾಗಿಲಿಗೆ ಬೇಡ.

ಉಳಿಯಿತು ಮೋರ್‌ಪಂಖಿ. ಸಸಿ ಮಾರುವವರು ಥೂಜಾ ಎಂದೂ ಕರೆಯುತ್ತಾರೆ. ನವಿಲು ರೆಕ್ಕೆ ಬಿಚ್ಚಿದಂತೆ ಚಪ್ಪಟೆ ಎಲೆಯ ಹಾಳೆಗಳು ನೆಟ್ಟಗೆ ನಿಂತು, ಒಂದರ ಬೆನ್ನಿಗೆ ಒಂದು ಜೋಡಿಸಿದ ಹಾಗೆ ಕಾಣುತ್ತವೆ. ಗಿಡವೆಲ್ಲ ಮೊಟ್ಟೆಯ ಆಕಾರ. ತಿಕ್ಕಿದರೆ ಘಮ್ಮನೆ ರಾಳದ ವಾಸನೆ. ಪೈನ್ ಕುಲಕ್ಕೆ ದೂರದ ನಂಟು. ಇದರ ತವರು ಚೀನಾ ದೇಶದ ಉತ್ತರ ಭಾಗದ ಒಣ ಗುಡ್ಡಗಳು. ಬೀಜಿಂಗ್ ಪಟ್ಟಣದ ಹಳೆಯ ಗುಡಿಗಳ ಪ್ರಾಂಗಣದಲ್ಲಿ ನೂರಾರು ವರ್ಷದ ಮರಗಳು ಇಂದಿಗೂ ನಿಂತಿವೆ. ಒಣ ಹವೆ, ಕಡು ಬಿಸಿಲು, ಸುಣ್ಣದ ಅಂಶವಿರುವ ಮಣ್ಣು, ಈ ಮೂರನ್ನೂ ಇದು ತಾಳುತ್ತದೆ. ಹೊರದೇಶದ ಗಿಡ ನಮ್ಮಲ್ಲಿ ಬಾಳುವುದಿಲ್ಲ ಎಂದೇನೂ ಇಲ್ಲ ನೋಡ್ರಿ. ಅಮೆರಿಕ ಖಂಡದಿಂದ ಬಂದ ಮುಳ್ಳುಗಿಡ ಒಂದು ಇಲ್ಲಿ ಎಷ್ಟು ಚೆನ್ನಾಗಿ ಬಾಳಿತೆಂದರೆ ಬಳ್ಳಾರಿ ಜಾಲಿ ಎಂದು ನಮ್ಮ ಊರಿನ ಹೆಸರನ್ನೇ ಇಟ್ಟುಕೊಂಡು ಕೂತಿದೆ. ತವರಿನ ನೆಲ ಹೇಗಿತ್ತು ಎಂದು ಕೇಳಿ ತರಬೇಕು, ಅಷ್ಟೇ.

ತರುವಾಗ ಗಿಡ್ಡ ಜಾತಿಯನ್ನೇ ಕೇಳಿ ತನ್ನಿರಿ. ಮೋರ್‌ಪಂಖಿಯಲ್ಲಿ ಮರವಾಗುವ ಜಾತಿ ಇದೆ, ಆಳೆತ್ತರಕ್ಕೇ ನಿಲ್ಲುವ ಗಿಡ್ಡ ಜಾತಿಯೂ ಇದೆ. ಚಿಗುರು ಹೊನ್ನಿನ ಬಣ್ಣವಿರುವುದೂ ಉಂಟು. ಗಿಡ್ಡ ಗಿಡದ ಬೀಜ ಬಿತ್ತಿದರೆ ಹುಟ್ಟುವ ಸಸಿ ಗಿಡ್ಡವೇ ಆಗುತ್ತದೆಂಬ ಭರವಸೆಯಿಲ್ಲ. ಆದಕಾರಣ ಬೀಜದ ಸಸಿಯೋ ಕಡ್ಡಿ ನೆಟ್ಟು ಮಾಡಿದ್ದೋ ಎಂದು ಬಾಯಿಬಿಟ್ಟು ಕೇಳಿರಿ. ಮೊಳಕಾಲೆತ್ತರದ ಗಿಡ ಸಾಕು. ದೊಡ್ಡದು ತಂದರೆ ದೊಡ್ಡಸ್ತಿಕೆ, ಆದರೆ ಅದರ ಬೇರು ಚೀಲದೊಳಗೆ ಸುತ್ತಿ ಸುತ್ತಿ ಹಗ್ಗ ಹೊಸೆದಂತೆ ಆಗಿರುತ್ತದೆ. ನೆಲಕ್ಕೆ ಇಳಿಸಿದ ಮೇಲೂ ಅಲ್ಲೇ ಸುತ್ತುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ, ಇದನ್ನು ಸ್ವಲ್ಪ ಕಿವಿಗೊಟ್ಟು ಕೇಳಿರಿ. ನೀವೆಲ್ಲ ಬೆಳೆಯ ಮುಖ ನೋಡಿ ಅದರ ಕಷ್ಟ ತಿಳಿಯುವವರು. ಮೆಣಸಿನ ಗಿಡ ಮಧ್ಯಾಹ್ನ ಎಲೆ ಜೋತುಬಿಟ್ಟರೆ ನೀರು ಬೇಕೆಂದು ಗೊತ್ತಾಗುತ್ತದೆ. ಬದನೆ, ಹತ್ತಿ, ಕುಂಬಳ ಎಲ್ಲವೂ ಹೀಗೇ ಹೇಳುತ್ತವೆ. ಮೋರ್‌ಪಂಖಿ ಹೇಳುವುದಿಲ್ಲ. ಅದರ ಎಲೆ ಮೀನಿನ ಹುರುಪೆಯಂತೆ ಕಡ್ಡಿಗೆ ಅಂಟಿಕೊಂಡ ಗಟ್ಟಿ ಎಲೆ. ಮೇಲೆ ಮೇಣದ ಲೇಪ. ಜೋತುಬೀಳಲು ಅದರಲ್ಲಿ ಮೆತ್ತನೆಯ ಭಾಗವೇ ಇಲ್ಲ. ಬೇರು ಸತ್ತರೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಮನೆಯವರು ಗಿಡ ಚೆನ್ನಾಗಿದೆ ಎಂದುಕೊಂಡು ಇರುತ್ತಾರೆ. ಆಮೇಲೆ ಒಂದು ದಿನ ಬಣ್ಣ ಮಂಕಾಗಿ, ಬೂದಿ ಹಸಿರಾಗಿ, ಕಂದಾಗಿ ತಿರುಗುತ್ತದೆ. ಆಗ ಗಾಬರಿಯಾಗಿ ಎರಡು ಕೊಡ ನೀರು ಹಾಕುತ್ತಾರೆ. ಅದು ಹೋಗಿ ತಿಂಗಳಾಗಿದೆ, ನೀರು ಯಾರಿಗೆ?

ಹಾಗಾದರೆ ತಿಳಿಯುವುದು ಹೇಗೆ ಅಂತೀರಿ? ಎಲೆ ನೋಡುವುದನ್ನು ಬಿಟ್ಟು ನೆಲ ನೋಡಿರಿ. ಬುಡದಿಂದ ಒಂದು ಗೇಣು ಆಚೆ ಕುರ್ಪಿಯಿಂದ ನಾಲ್ಕು ಅಂಗುಲ ಕೆದಕಿರಿ. ಅಲ್ಲಿಯ ಮಣ್ಣು ಹಿಡಿದು ಅಮುಕಿದರೆ ಉಂಡೆ ಆದೀತೇ? ಆದರೆ ನೀರು ಬೇಡ. ಪುಡಿಯಾಗಿ ಉದುರಿದರೆ ಅವತ್ತೇ ನೀರು ಕೊಡಿರಿ. ಇಷ್ಟೇ ಪರೀಕ್ಷೆ, ಶಾಲೆಗೆ ಹೋಗುವ ಹುಡುಗಿಯೂ ಮಾಡಬಲ್ಲಳು. ಗಿಡ ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ.

ಬೇರು ಸಾಯುವುದು ನೀರಿಲ್ಲದೆ ಮಾತ್ರವಲ್ಲ. ನಮ್ಮ ಸೀಮೆಯಲ್ಲಿ ನೀರು ನಿಂತು ಸಾಯುವುದು ಇನ್ನೂ ಹೆಚ್ಚು ಎಂಬುದು ನನ್ನ ಎಣಿಕೆ. ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕಿಲ್ಲ: ಒಣಗಿದರೆ ಕಾಲು ಹೋಗುವಷ್ಟು ಬಿರುಕು, ನೆನೆದರೆ ಉಬ್ಬಿ ಅಂಟು. ಈ ನೆಲದಲ್ಲಿ ಎರಡಡಿ ಗುಂಡಿ ತೆಗೆದು, ಒಳಗೆ ಉಸುಕು, ಗೊಬ್ಬರ, ಕೆಮ್ಮಣ್ಣು ತುಂಬಿ ಗಿಡ ಇಟ್ಟರೆ ಒಳ್ಳೆಯ ಕೆಲಸ ಮಾಡಿದಂತೆ ಕಾಣುತ್ತದೆ. ನಿಜವಾಗಿ ಮಾಡಿದ್ದು ಒಂದು ಬಾನಿ. ಸುತ್ತಲ ಎರೆ ನೀರು ಬಿಡುವುದಿಲ್ಲ, ಒಳಗಿನ ಸಡಿಲ ಮಣ್ಣು ನೀರು ಕುಡಿಯುತ್ತದೆ, ಹುಬ್ಬೆ ಉತ್ತರಿ ಮಳೆ ಹೊಡೆದರೆ ಬೇರು ವಾರಗಟ್ಟಲೆ ನೀರಲ್ಲಿ ನಿಂತು ಕೊಳೆಯುತ್ತದೆ. ಆಮೇಲೆ ಬೇಸಿಗೆ ಬಂದಾಗ ನೀರು ಎಳೆಯಲು ಬೇರೇ ಇಲ್ಲ. ಬಿಸಿಲು ಸುಟ್ಟಿತು ಅನ್ನುತ್ತೇವೆ.

ಆದ್ದರಿಂದ ಸಿರುಗುಪ್ಪ ಕಡೆಯವರು, ಎರೆ ಅಂಗಳವಿದ್ದ ಎಲ್ಲರೂ, ಗುಂಡಿ ತೆಗೆಯಬೇಡಿರಿ, ದಿಬ್ಬ ಕಟ್ಟಿರಿ. ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರ. ಭತ್ತದ ಗದ್ದೆ ಮನೆಗೆ ಹತ್ತಿರವಿದ್ದು ಕಾಲುವೆ ಬಿಟ್ಟಾಗ ಅಂಗಳ ಜಿನುಗುವಂತಿದ್ದರೆ ಎರಡಡಿ. ನೆಲವನ್ನು ಗಡಾರಿಯಿಂದ ಸಡಿಲ ಮಾಡಿ, ಅದರ ಮೇಲೆ ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಏರಿಸಿರಿ. ತುಳಸಿ ಕಟ್ಟೆಯಂತೆ ಸುತ್ತ ಇಟ್ಟಿಗೆ ಕಟ್ಟಿಸಿದರೆ ನೋಟಕ್ಕೂ ಚೆಂದ. ಆದರೆ ಗೌಂಡಿಗೆ ಮೊದಲೇ ಹೇಳಿರಿ: ತಳಕ್ಕೆ ಸಿಮೆಂಟು ಹಾಕಬಾರದು, ಬುಡದ ಸಾಲಿನಲ್ಲಿ ನಾಲ್ಕು ಕಡೆ ನೀರು ಹೊರಬೀಳಲು ಕಿಂಡಿ ಬಿಡಬೇಕು. ಹೇಳದಿದ್ದರೆ ಅವನು ತೊಟ್ಟಿ ಕಟ್ಟಿಯೇ ಹೋಗುತ್ತಾನೆ.

ಕುರುಗೋಡಿನ ಗುಡ್ಡದ ಬುಡದ ಮಸಾರಿ ನೆಲದವರಿಗೆ ಈ ತಾಪತ್ರಯ ಕಡಿಮೆ. ಅಂಜೂರ ಬೆಳೆದ ಕೈಗೆ ನೀರು ಬಸಿಯುವ ನೆಲದ ಬೆಲೆ ಗೊತ್ತು. ಅಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ತೆಗೆದ ಮಣ್ಣಿಗೇ ಎರಡು ಪುಟ್ಟಿ ಗೊಬ್ಬರ ಕೂಡಿಸಿ ತುಂಬಿದರೆ ಸಾಕು.

ನೆಡುವ ಕಾಲ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಉತ್ತರಿ ಮಳೆ ಮುಗಿದು ಹಸ್ತ ಹಿಡಿಯುವ ಹೊತ್ತು. ನೆಲದಲ್ಲಿ ತೇವ, ಮುಂದೆ ನಾಲ್ಕು ತಿಂಗಳು ತಂಪು. ಬೇಸಿಗೆ ಬರುವಷ್ಟರಲ್ಲಿ ಬೇರು ಹರಿದಿರುತ್ತದೆ. ಯುಗಾದಿಗೆ ಗೃಹಪ್ರವೇಶ ಮಾಡಿ ಅದೇ ದಿನ ಗಿಡ ನೆಡಬೇಕೆಂಬ ಆಸೆ ಇದ್ದರೆ ಗಿಡವನ್ನು ಚೀಲದಲ್ಲೇ ನೆರಳಲ್ಲಿಟ್ಟು ಕಾಯಿರಿ. ಚೀಲ ಹರಿದ ಮೇಲೆ ಬೇರುಂಡೆಯನ್ನು ಕೈಯಿಂದ ಮೆಲ್ಲಗೆ ಸಡಿಲಿಸಿರಿ, ಸುತ್ತು ಬೇರು ಕಂಡರೆ ಬಿಡಿಸಿ ಹರಡಿರಿ. ಚೀಲದಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳ, ಕಾಂಡ ಹೂಳಬಾರದು. ಸುತ್ತ ಮೂರಡಿ ನೆಲವನ್ನು ಬಂಡೆ ಹಾಸದೆ, ಸಿಮೆಂಟು ಬಳಿಯದೆ ಬಿಡಿರಿ. ಕಾದ ಬಂಡೆ ಕೆಳಗಿನಿಂದಲೂ ಗಿಡವನ್ನು ಸುಡುತ್ತದೆ. ಬಿಸಿಲು ಇದಕ್ಕೆ ಬೇಕು, ನೆರಳಲ್ಲಿ ನೆಟ್ಟರೆ ಒಳಗೆ ಬೋಳಾಗುತ್ತದೆ. ಮೊದಲ ಬೇಸಿಗೆ ಮಾತ್ರ ಪಡುವಣ ಬಿಸಿಲಿಗೆ ಒಂದು ತೆಂಗಿನ ಗರಿ ನಿಲ್ಲಿಸಿರಿ. ಆಡು ಕುರಿ ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು ಕಟ್ಟಿರಿ. ಸವರಿದ ಸೊಪ್ಪನ್ನು ದನಕ್ಕೂ ಹಾಕಬೇಡಿರಿ, ಅದರ ಎಣ್ಣೆ ಹೊಟ್ಟೆಗೆ ಒಳ್ಳೆಯದಲ್ಲ.

ಈಗ ಗೋಡೆಯ ಸಂಗತಿ. ಎರೆ ನೆಲದ ಮೇಲೆ ಕಟ್ಟಿದ ಮನೆಯ ಪಾಯದ ಪಕ್ಕದಲ್ಲೇ ಗಿಡ ನೆಟ್ಟು ವಾರಕ್ಕೆರಡು ಸಲ ನೀರು ಹಾಕಿದರೆ, ಪಾಯದ ಒಂದು ಮಗ್ಗುಲಿನ ಎರೆ ನೆನೆದು ಉಬ್ಬುತ್ತದೆ, ಇನ್ನೊಂದು ಮಗ್ಗುಲು ಒಣಗಿ ಕುಗ್ಗುತ್ತದೆ. ನಡುವೆ ಸಿಕ್ಕ ಗೋಡೆ ಬಿರಿಯದೆ ಏನು ಮಾಡೀತು? ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕಿಗೆ ಎಷ್ಟೋ ಕಡೆ ಕಾರಣ ಇದೇ. ಗೋಡೆಗೂ ಗಿಡಕ್ಕೂ ಏಳೆಂಟು ಅಡಿ ಅಂತರ ಇರಲಿ. ಅಷ್ಟು ಜಾಗ ಇಲ್ಲದ ಪಟ್ಟಣದ ಮನೆಯವರು ಕುಂಡದಲ್ಲಿ ಬೆಳೆಸಿರಿ. ಒಂದು ಮೊಳ ಅಗಲದ ಮಣ್ಣಿನ ಇಲ್ಲವೆ ಸಿಮೆಂಟಿನ ಕುಂಡ, ತಳದಲ್ಲಿ ತೂತು. ಕರಿ ಪ್ಲಾಸ್ಟಿಕ್ ಕುಂಡ ಬಳ್ಳಾರಿ ಮಾಳಿಗೆಯ ಮೇಲೆ ಒಲೆಯಂತೆ ಕಾಯುತ್ತದೆ, ಬೇರು ಬೆಂದುಹೋಗುತ್ತದೆ; ಬೇಡ. ಡಿಸೆಂಬರಿನಲ್ಲಿ ಹಬ್ಬಕ್ಕೆ ಶೃಂಗರಿಸುವ ಕ್ರೈಸ್ತ ಬಾಂಧವರಿಗೂ ಕುಂಡದ ಮೋರ್‌ಪಂಖಿ ಅನುಕೂಲ, ನಾಲ್ಕು ದಿನ ಒಳಗಿಟ್ಟು ಮತ್ತೆ ಹೊರಗಿಡಬಹುದು.

ನೀರಿನ ಲೆಕ್ಕ ಹೀಗೆ. ನೆಟ್ಟ ಮೊದಲ ಹದಿನೈದು ದಿನ ಎರಡು ದಿನಕ್ಕೊಮ್ಮೆ ಅರ್ಧ ಕೊಡ. ಆಮೇಲೆ ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಹತ್ತು ಲೀಟರಿನಷ್ಟು, ಬೇರಿನ ಆಳಕ್ಕೆ ಇಳಿಯುವಂತೆ ನಿಧಾನವಾಗಿ. ದಿನಾಲೂ ಒಂದು ಚೊಂಬು ಸುರಿಯುವುದು ಬೇಡ. ಮೇಲಿನ ಮಣ್ಣು ನೆನೆದು ಬೇರು ಮೇಲೆಯೇ ಉಳಿಯುತ್ತದೆ, ಬಿಸಿಲಿಗೆ ಮೊದಲು ಸಾಯುವುದು ಅದೇ ಬೇರು. ಎರಡನೆಯ ವರ್ಷದಿಂದ ವಾರಕ್ಕೊಂದು ಸಲ, ಏಪ್ರಿಲ್ ಮೇ ತಿಂಗಳಲ್ಲಿ ನಾಲ್ಕೈದು ದಿನಕ್ಕೊಂದು ಸಲ. ಇದೆಲ್ಲ ಅಂದಾಜು, ಕೊನೆಯ ಮಾತು ಕುರ್ಪಿಯದು. ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತಲೂ ಎರಡು ಅಂಗುಲ ಶೇಂಗಾ ಹೊಟ್ಟು ಹರಡಿದರೆ ತೇವ ನಿಲ್ಲುತ್ತದೆ. ಗೆದ್ದಲು ಹತ್ತದಂತೆ ಆಗಾಗ ಕೆದಕಿ ನೋಡಿರಿ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೂ ಒಳ್ಳೆಯದು.

ಯಾವ ನೀರು ಎಂಬುದೂ ಕೇಳಬೇಕಾದ ಮಾತೇ. ಕಾಲುವೆ ನೀರು, ಕೆರೆ ನೀರು, ಹಿಡಿದಿಟ್ಟ ಮಳೆ ನೀರು ಉತ್ತಮ. ಆದರೆ ಕಾಲುವೆಯನ್ನೇ ನಂಬಿ ಕೂಡುವ ಹಾಗಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕಿತ್ತುಹೋದಾಗ ಈ ಸೀಮೆಯ ಒಕ್ಕಲು ಮನೆಗಳಲ್ಲಿ ಯಾರಿಗೆ ನಿದ್ದೆ ಬಂದಿತ್ತು? ಬೋರಿನ ನೀರು ಬಾಯಿಗೆ ಉಪ್ಪುಪ್ಪಾಗಿದ್ದರೆ ಗಿಡಕ್ಕೂ ಉಪ್ಪೇ. ದಿಬ್ಬದ ಮೇಲೆ ಬಿಳಿ ಪುಡಿ ಹೂತರೆ, ಎಲೆಯ ತುದಿ ಸುಟ್ಟಂತಾದರೆ ಸವಳು ಸೇರಿತೆಂದು ತಿಳಿಯಿರಿ. ಬೇರೆ ನೀರು ಸಿಗದಿದ್ದರೆ ತಿಂಗಳಿಗೊಮ್ಮೆ ಮೂರು ಕೊಡ ಒಟ್ಟಿಗೇ ಹಾಕಿ ಉಪ್ಪನ್ನು ಕೆಳಕ್ಕೆ ತೊಳೆದು ಬಿಡಿರಿ. ದಿಬ್ಬ ಕಟ್ಟಿದ್ದರೆ ಅದು ತೊಳೆದುಹೋಗುತ್ತದೆ, ಗುಂಡಿಯಲ್ಲಿ ನೆಟ್ಟಿದ್ದರೆ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಹೊರಬೀಳುವ ನೀರು ವ್ಯರ್ಥವಾಗುತ್ತದಲ್ಲ ಎಂದು ಕೆಲವರು ಗಿಡಕ್ಕೆ ತಿರುಗಿಸುತ್ತಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಹಾಕಬೇಡಿರಿ. ಸಾಬೂನಿನ ನೀರೂ ಬೇಡ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಹಾಕಿರಿ, ತಾಯಂದಿರೇ, ದಿನದ ಆ ನೀರು ಕೂಡಿಟ್ಟರೆ ಈ ಗಿಡಕ್ಕೆ ಬೇರೆ ನೀರು ಹೊರುವ ಕೆಲಸ ಅರ್ಧ ತಪ್ಪುತ್ತದೆ. ಪಟ್ಟಣದಲ್ಲಿ ಎ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರೂ ಉಪ್ಪಿಲ್ಲದ್ದು, ಬಕೆಟ್ ಇಟ್ಟು ಹಿಡಿಯಿರಿ. ನೀರು ಮಣ್ಣು ಎರಡರ ಪರೀಕ್ಷೆಯೂ ಬೇಕಿದ್ದರೆ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ, ಹೊಲಕ್ಕೂ ಉಪಯೋಗವಾದೀತು.

ಗೊಬ್ಬರ ವರ್ಷಕ್ಕೊಂದು ಸಲ, ಮಳೆಗಾಲದ ಮೊದಲಿಗೆ ಒಂದು ಪುಟ್ಟಿ. ಭತ್ತಕ್ಕೆ ತಂದ ಯೂರಿಯಾ ಒಂದು ಹಿಡಿ ಇದಕ್ಕೂ ಎಸೆಯಬೇಡಿರಿ. ಬೇಗ ಬೆಳೆದ ಕೊಂಬೆ ಸಡಿಲವಾಗಿ, ಜೋರು ಮಳೆಗೆ ಗಿಡ ನಡುವೆ ಬಾಯಿ ಬಿಡುತ್ತದೆ. ಹಾಗೆ ಬಿಟ್ಟದ್ದಾದರೆ ಮೆತ್ತನೆಯ ನೂಲಿನ ಹುರಿಯಿಂದ ಒಳಗಿನ ಕೊಂಬೆಗಳನ್ನು ಸಡಿಲವಾಗಿ ಕಟ್ಟಿ ಕೂಡಿಸಿರಿ. ವರ್ಷಕ್ಕೆ ಒಂದು ಗೇಣು ಬೆಳೆದರೆ ಅದೇ ದೊಡ್ಡದು.

ಕತ್ತರಿ ಹಿಡಿಯುವಾಗ ಒಂದೇ ನಿಯಮ. ಹಸಿರು ಇರುವಷ್ಟರಲ್ಲೇ ಕತ್ತರಿಸಿರಿ. ಬೇವು, ಹುಣಸೆ ಬೋಳು ಕೊಂಬೆಯಿಂದಲೂ ಚಿಗುರುತ್ತವೆ, ಇದು ಚಿಗುರುವುದಿಲ್ಲ. ಎಲೆಯಿಲ್ಲದ ಹಳೆ ಕಟ್ಟಿಗೆಯವರೆಗೆ ಕತ್ತರಿಸಿದರೆ ಆ ತೂತು ತೂತಾಗಿಯೇ ಉಳಿಯುತ್ತದೆ. ಒಳಗಿನ ಹಳೆಯ ಎಲೆ ಒಣಗಿ ಕಂದಾಗುವುದು ರೋಗವಲ್ಲ, ಕೈಯಾಡಿಸಿ ಉದುರಿಸಿಬಿಡಿರಿ.

ರೋಗವೆಂದರೆ ಬೇಸಿಗೆಯ ನುಸಿ. ಮೆಣಸಿನಕಾಯಿ ಬೆಳೆದವರಿಗೆ ಇದರ ಗುರುತು ಬೇಕಿಲ್ಲ. ಎಲೆ ಧೂಳು ಹಿಡಿದಂತೆ ಮಂಕಾದಾಗ ಬಿಳಿ ಕಾಗದ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿರಿ. ಚುಕ್ಕೆಗಳು ಬಿದ್ದು ಹರಿದಾಡಿದರೆ ನುಸಿ. ಔಷಧಿಗೆ ಓಡಬೇಡಿರಿ. ಬೆಳಗಿನ ಜಾವ ಪೈಪಿನ ಮುಂದೆ ಬೆರಳಿಟ್ಟು ನೀರನ್ನು ರಭಸವಾಗಿ ಒಳಗೆಲ್ಲ ಹೊಡೆಯಿರಿ, ನಾಲ್ಕು ದಿನಕ್ಕೊಮ್ಮೆ, ಮೂರು ಸಲ. ಮನೆಯಲ್ಲಿ ಗಂಧಕದ ಪುಡಿ ಇದೆ ಎಂದು ಏಪ್ರಿಲ್ ಬಿಸಿಲಲ್ಲಿ ಸಿಂಪಡಿಸಿದರೆ ನುಸಿಯ ಜೊತೆ ಎಲೆಯೂ ಸುಡುತ್ತದೆ.

ಒಂದು ಗಿಡ ಹಿಡಿದರೆ ಅದರಿಂದ ಇನ್ನಷ್ಟು ಮಾಡಿಕೊಳ್ಳಬಹುದು. ನವೆಂಬರ್, ಡಿಸೆಂಬರ್ ತಂಪಿನಲ್ಲಿ ಐದು ಅಂಗುಲದ ಪಕ್ಕದ ಕಡ್ಡಿಯನ್ನು ಕತ್ತರಿಸದೆ ಕೆಳಕ್ಕೆ ಸೀಳಿ ತೆಗೆಯಿರಿ, ಬುಡದಲ್ಲಿ ಹಳೆ ತೊಗಟೆಯ ಒಂದು ಚೂರು ಬರಬೇಕು. ಕೆಳಗಿನ ಎಲೆ ತೆಗೆದು, ತೊಳೆದ ಉಸುಕು ತುಂಬಿದ ಕುಂಡದಲ್ಲಿ ಎರಡು ಅಂಗುಲ ಊರಿ, ನೆರಳಲ್ಲಿಟ್ಟು ಉಸುಕು ಆರದಂತೆ ನೋಡಿಕೊಳ್ಳಿರಿ. ಬೇರು ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಎಲ್ಲವೂ ಹಿಡಿಯುವುದಿಲ್ಲ, ಆದಕಾರಣ ನಾಲ್ಕು ಗಿಡ ಬೇಕಾದರೆ ಹನ್ನೆರಡು ಕಡ್ಡಿ ಊರಿರಿ. ಎಲೆ ಹಸಿರಾಗಿದೆ ಎಂದು ಮೋಸ ಹೋಗಬೇಡಿರಿ, ಬೇರಿಲ್ಲದೆಯೂ ಅದು ಹಸಿರಾಗಿರುತ್ತದೆ ಎಂದು ಆಗಲೇ ಹೇಳಿದೆನಲ್ಲ. ಕಡ್ಡಿಯನ್ನು ಬೆರಳಲ್ಲಿ ಹಿಡಿದು ಸ್ವಲ್ಪವೇ ಮೇಲಕ್ಕೆ ಎಳೆಯಿರಿ. ಉಸುಕು ಬಿಗಿಯಾಗಿ ಹಿಡಿದಿದ್ದರೆ ಬೇರು ಬಂದಿದೆ, ಮಸಾರಿ ಮಣ್ಣಿನ ಚೀಲಕ್ಕೆ ಬದಲಿಸಿ ಮುಂದಿನ ಹಸ್ತದ ತನಕ ಸಾಕಿರಿ.